ಕಾಡಿನಿಂದ ಮರಳಿದಾಗ ಉಣ್ಣೆಯ ಬಗ್ಗೆ ಎಚ್ಚರ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನರೂ ಜ್ವರಕ್ಕೆ ತುತ್ತಾದರು. ಅದಕ್ಕೆ ಕಾರಣವಾದ ವೈರಾಣುವನ್ನು ಪತ್ತೆ ಮಾಡಿದ್ದು ನಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಉಣ್ಣೆಯ ಕಡಿತದಿಂದ ಹರಡುವ ಈ ಮಂಗನ ಕಾಯಿಲೆ 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಮರಿ ಉಣ್ಣೆಗಳ ಹಾವಳಿ ಹೆಚ್ಚು. ರಜೆಯಲ್ಲಿ ನಾವು ಮಲೆನಾಡಿನ ಊರುಗಳಿಗೆ ತೆರಳುವುದೂ ಆಗಲೇ. ಮರಿ ಉಣ್ಣೆ ಎಳ್ಳುಕಾಳಿಗಿಂತ ಚಿಕ್ಕದು. ಕಚ್ಚಿದ್ದು ಅನೇಕ ವೇಳೆ ತಿಳಿಯುವುದೇ ಇಲ್ಲ. ಆದ್ದರಿಂದ ಕಾಡು, ತೋಟಗಳಿಂದ ಮರಳಿದೊಡನೆ ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಹೊಕ್ಕುಳು, ಕಿವಿಯ ಹಿಂಬದಿ, ಕೂದಲ ಬುಡಗಳನ್ನು ಪರೀಕ್ಷಿಸಬೇಕು. ಮಕ್ಕಳನ್ನು ಹಿರಿಯರೇ ನೋಡಬೇಕು. ಜೊತೆಗೆ ಬಂದ ನಾಯಿಯ ಕಿವಿಯೊಳಗೆ, ಕೊರಳಪಟ್ಟಿಯ ಕೆಳಗೆ, ಬೆರಳುಗಳ ಸಂದಿನಲ್ಲಿ, ಬಾಲದ ಬುಡದಲ್ಲಿ ಹುಡುಕಬೇಕು.

ಕಚ್ಚಿ ಹಿಡಿದ ಉಣ್ಣೆಗೆ ಸೀಮೆಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಸಲ್ಲದು. ಚಿಮುಟದಿಂದ ಚರ್ಮಕ್ಕೆ ತೀರ ಸಮೀಪದಲ್ಲಿ ಹಿಡಿದು ನೇರವಾಗಿ ಮೇಲೆಳೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು.

ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಪುಣೆಗೆ ಮರಳಿದ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಮೈಕೈನೋವು ಕಂಡರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ನಾವಾಗಿಯೇ ತಿಳಿಸೋಣ. ಅವರು ಕೇಳದಿದ್ದರೂ ಹೇಳೋಣ.