ಟರ್ಬೊ ಗಾಳಿ ಕೊಳವೆ: ಸಣ್ಣ ಬಿರುಕು, ದೊಡ್ಡ ನಷ್ಟ

ಕ್ವಾರಿ, ಕ್ರಷರ್ ಹಾಗೂ ಮಣ್ಣು ಕೆಲಸಗಳಲ್ಲಿ ಎಕ್ಸ್‌ಕವೇಟರ್, ಲೋಡರ್‌ಗಳನ್ನು ದುಡಿಸುವ ಉದ್ಯಮಿಗಳು ಟರ್ಬೊಚಾರ್ಜರ್‌ನ ಗಾಳಿ ಕೊಳವೆಗಳತ್ತ ಗಮನ ಹರಿಸುವುದು ವಿರಳ.

ಈ ಕೊಳವೆಗಳು ಎರಡು ಬಗೆಯವು. ಏರ್ ಫಿಲ್ಟರ್‌ನಿಂದ ಟರ್ಬೊವರೆಗಿನದು ಗಾಳಿ ಹೀರುವ ಕೊಳವೆ. ಇದು ಬಿರಿದರೆ ಧೂಳು ಸೋಸದೆಯೇ ಒಳನುಗ್ಗಿ ಕಂಪ್ರೆಸರ್ ಚಕ್ರ, ಪಿಸ್ಟನ್ ರಿಂಗ್, ಲೈನರ್‌ಗಳನ್ನು ಸವೆಸುತ್ತದೆ. ಕೊಳವೆಯ ಒಳಮೈ ಒರೆಸಿದಾಗ ಬೆರಳಿಗೆ ಧೂಳು ಅಂಟಿದರೆ ಅದೇ ಎಚ್ಚರಿಕೆ. ಟರ್ಬೊದಿಂದ ಆಫ್ಟರ್‌ಕೂಲರ್ ಮೂಲಕ ಎಂಜಿನ್‌ಗೆ ಸಾಗುವುದು ಒತ್ತಡದ ಕೊಳವೆ. ಇದು ಸೋರಿದರೆ ಶಕ್ತಿ ಕುಗ್ಗಿ, ಕಪ್ಪು ಹೊಗೆ ಕಾಣಿಸಿಕೊಂಡು, ಡೀಸೆಲ್ ವೆಚ್ಚ ಏರುತ್ತದೆ. ಆಗ ಡೀಸೆಲ್ ಪಂಪನ್ನು ಬಿಚ್ಚಿಸುವ ಮೊದಲು ಕೊಳವೆಯನ್ನು ಪರೀಕ್ಷಿಸುವುದು ಲಾಭದಾಯಕ.

ಬದಲಿಸುವಾಗ ಎಂಜಿನ್ ತಣ್ಣಗಿರಬೇಕು. ತೆರೆದ ಟರ್ಬೊ ಬಾಯಿಯನ್ನು ಕೂಡಲೇ ಮುಚ್ಚತಕ್ಕದ್ದು. ಒಳಬಿದ್ದ ಒಂದು ನಟ್ಟು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಚಕ್ರವನ್ನು ಹಾಳುಗೆಡವಬಲ್ಲದು. ಟರ್ಬೊದಿಂದ ಹೊರಡುವ ಗಾಳಿಯ ಬಿಸಿ 150 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಅಲ್ಲಿ ಸಾಮಾನ್ಯ ರಬ್ಬರ್ ಬಾಳದು. ತಯಾರಕರು ಸೂಚಿಸಿದ ಹೋಸ್ ಮತ್ತು ಕ್ಲಾಂಪುಗಳನ್ನೇ ಬಳಸಬೇಕು. ಜೋಡಣೆಯ ತುದಿಗಳಲ್ಲಿ ಎಣ್ಣೆ ಉಳಿದರೆ ಹೋಸ್ ಜಾರುತ್ತದೆ. ಮೊದಲ ದಿನದ ದುಡಿಮೆಯ ನಂತರ ಹಾಗೂ ಪ್ರತಿ ಸರ್ವಿಸಿನಲ್ಲಿ ಬಿಗಿಯನ್ನು ಪರಿಶೀಲಿಸಬೇಕು.

ಕೊಳವೆಯ ಬೆಲೆ ಅಲ್ಪ. ಎಂಜಿನ್ ರಿಪೇರಿಯ ವೆಚ್ಚವೂ ಯಂತ್ರ ನಿಂತ ದಿನಗಳ ಬಾಡಿಗೆ ನಷ್ಟವೂ ಅಲ್ಪವಲ್ಲ.