ಮಗ ಜಾವಾ ಕಲಿತನೋ ಇಲ್ಲವೋ? ಹತ್ತು ಪೈಸೆ ಲೆಕ್ಕ ಕೇಳಿ

ಜಾವಾ ಎಂದರೆ ನಮ್ಮ ಕಡೆಯ ಹಿರಿಯರಿಗೆ ಇವತ್ತಿಗೂ ಮೋಟರ್ ಸೈಕಲ್ಲೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕು ಬಂತೆಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇನ್ನೊಂದು ಜಾವಾದ ಮೊದಲ ಆವೃತ್ತಿ ಹೊರಗೆ ಬಿಟ್ಟಿತು. ಇದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಮಗ 'ಜಾವಾ ಕಲೀತೀನಿ' ಅಂದ ದಿನ ಅಪ್ಪನ ಜೇಬಿಗೆ ಕತ್ತರಿ ಬೀಳುವುದು ಇದರಿಂದಲೇ.

ಫೀಸು ಕಟ್ಟಬೇಡಿ ಅಂತ ನಾವು ಹೇಳುತ್ತಿಲ್ಲ. ಸರಕು ಕೊಳ್ಳುವ ಮುಂಚೆ ತಕ್ಕಡಿ ನೋಡಿ ಅಂತಷ್ಟೇ ಹೇಳುತ್ತಿದ್ದೇವೆ.

ಸರಕು ಪುಕ್ಕಟೆ

ಮೊದಲ ಮಾತು, ಜಾವಾಗೆ ದುಡ್ಡು ಕೊಡಬೇಕಾಗಿಲ್ಲ. ಸನ್ ಕಂಪನಿ 2006ರಿಂದಲೇ ಅದರ ಸೋರ್ಸ್ ಕೋಡನ್ನು ಲೋಕಕ್ಕೆ ತೆರೆದಿಡತೊಡಗಿತು. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಆದರೂ ಓಪನ್ ಜೆಡಿಕೆ ಎಂಬ ಪುಕ್ಕಟೆ ಜಾವಾ ಇದ್ದೇ ಇದೆ. ಕೋಡು ಬರೆಯಲು ಎಕ್ಲಿಪ್ಸ್, ನೆಟ್‌ಬೀನ್ಸ್ ಇವೆ, ಅವೂ ಪುಕ್ಕಟೆ. ನೆಟ್‌ಬೀನ್ಸ್ ಅಂತೂ 1996ರಲ್ಲಿ ಪ್ರಾಗ್ ನಗರದ ವಿದ್ಯಾರ್ಥಿಗಳು ಕಾಲೇಜಿನ ಕೆಲಸವೆಂದು ಶುರು ಮಾಡಿದ್ದು.

ಅಂಗಡಿಯವರು ಒಂದು ಎಚ್ಚರ ಇಟ್ಟುಕೊಳ್ಳಿ. ಒರಾಕಲ್‌ನ ಸ್ವಂತ ಜೆಡಿಕೆಯ ಕೆಲವು ಆವೃತ್ತಿಗಳನ್ನು ವ್ಯಾಪಾರಕ್ಕೆ ಬಳಸಿದರೆ ಚಂದಾ ಕಟ್ಟಬೇಕಾಗುತ್ತದೆ. 2023ರ ಜನವರಿಯಿಂದ ಆ ಚಂದಾ ಸಂಸ್ಥೆಯ ಸಿಬ್ಬಂದಿಯ ತಲೆ ಎಣಿಸಿ ಹಾಕುವಂಥದ್ದು. ಓಪನ್ ಜೆಡಿಕೆ ಹಾಕಿಕೊಂಡರೆ ಆ ತಂಟೆಯೇ ಇಲ್ಲ.

ಜಾವಾಸ್ಕ್ರಿಪ್ಟ್ ಅಂತ ಒಂದಿದೆ, ಅದು ಬೇರೆ. ಹೆಸರಿನಲ್ಲಿ ನೆಂಟಸ್ತಿಕೆ ಇದೆಯೇ ಹೊರತು ಒಂದೇ ಭಾಷೆಯಲ್ಲ. ಯಾವುದಕ್ಕೆ ಫೀಸು ಕಟ್ಟುತ್ತಿದ್ದೀರಿ, ಕೇಳಿಕೊಳ್ಳಿ.

ಒಳಗೆ ನಡೆಯುವುದೇನು?

ಹುಡುಗ ಬರೆದ ಕೋಡನ್ನು ಕಂಪೈಲರ್ ಒಂದು ನಡುವಿನ ಭಾಷೆಗೆ ತಿರುಗಿಸುತ್ತದೆ. ಅದಕ್ಕೆ ಬೈಟ್‌ಕೋಡ್ ಅನ್ನುತ್ತಾರೆ. ಅದನ್ನು ಓದಿ ಓಡಿಸುವುದು ಆಯಾ ಕಂಪ್ಯೂಟರಿನಲ್ಲಿ ಕೂತಿರುವ ಜಾವಾ ಯಂತ್ರ. ಹಾಗಾಗಿ ಮನೆಯ ವಿಂಡೋಸ್ ಡೆಸ್ಕ್‌ಟಾಪಿನಲ್ಲಿ ಮಾಡಿದ್ದು ಕಾಲೇಜಿನ ಲಿನಕ್ಸ್ ಕಂಪ್ಯೂಟರಿನಲ್ಲೂ ಓಡುತ್ತದೆ. ಡ್ರೈವರ್ ಬದಲಾದರೂ ಟಿಕೆಟ್ ಅದೇ ನಡೆಯುತ್ತದಲ್ಲ, ಹಾಗೆ.

ಪರದೆ ಮೇಲೆ ಕಿಟಕಿ, ಬಟನ್ನು, ಪಟ್ಟಿ ತರಲು ಸ್ವಿಂಗ್ ಎಂಬ ಸಾಮಗ್ರಿ 1998ರಿಂದ ಜಾವಾ ಜೊತೆಗೇ ಬರುತ್ತಿದೆ. ಜಾವಾಎಫ್‌ಎಕ್ಸ್ ಎಂಬುದನ್ನು 2018ರಿಂದ ಜೆಡಿಕೆಯ ಹೊರಗಿಟ್ಟಿದ್ದಾರೆ, ಬೇರೆಯಾಗಿ ತಂದುಕೊಳ್ಳಬೇಕು. ಯಾರಾದರೂ 'ಆಪ್ಲೆಟ್' ಕಲಿಸುತ್ತೇವೆ ಅಂದರೆ ಎದ್ದು ಬನ್ನಿ. ಬ್ರೌಸರಿನೊಳಗೆ ಅದನ್ನು ಓಡಿಸುವ ವ್ಯವಸ್ಥೆಯನ್ನೇ 2018ರಲ್ಲಿ ಜೆಡಿಕೆಯಿಂದ ಕಿತ್ತುಹಾಕಿದ್ದಾರೆ. ಸತ್ತ ಎಮ್ಮೆಗೆ ಹುಲ್ಲು ಹಾಕಿದ ಹಾಗೆ.

ಕನ್ನಡದ ಚಿಂತೆಯೂ ಬೇಡ. ಜಾವಾ ಹುಟ್ಟಿದಾಗಿನಿಂದ ಯೂನಿಕೋಡ್ ಬಲ್ಲದು. 'ಅಕ್ಕಿ', 'ಬೆಲ್ಲ', 'ಒಟ್ಟು' ಅಂತಲೇ ಬಿಲ್ಲಿನ ಕಿಟಕಿಯಲ್ಲಿ ಮೂಡಿಸಬಹುದು.

ಪೈಸೆ ತಪ್ಪುವ ಜಾಗ

ಈಗ ಅಸಲು ವಿಷಯ. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿಸಿದರೆ ಎಷ್ಟು? ಮೂವತ್ತು ಅಂತ ಬೀಡಿ ಅಂಗಡಿ ಹುಡುಗನೂ ಹೇಳುತ್ತಾನೆ. ಜಾವಾದಲ್ಲಿ 'ಡಬಲ್' ಎಂಬ ಬಗೆಯ ಸಂಖ್ಯೆ ಇಟ್ಟು 0.1ಕ್ಕೆ 0.2 ಕೂಡಿಸಿ ನೋಡಿ. ಉತ್ತರ 0.30000000000000004 ಅಂತ ಬರುತ್ತದೆ! ಕಂಪ್ಯೂಟರ್ ಕೆಟ್ಟಿಲ್ಲ, ಸ್ವಾಮಿ. ಅದು ಎಣಿಸುವುದು ಸೊನ್ನೆ ಮತ್ತು ಒಂದು ಎರಡರಲ್ಲೇ. ನಮ್ಮ ಲೆಕ್ಕದಲ್ಲಿ ಮೂರನೇ ಒಂದು ಭಾಗ 0.333 ಅಂತ ಮುಗಿಯದೆ ಹೋಗುವ ಹಾಗೆ, ಅದರ ಲೆಕ್ಕದಲ್ಲಿ ಹತ್ತನೇ ಒಂದು ಭಾಗ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ.

ಒಂದು ಬಿಲ್ಲಿನಲ್ಲಿ ಇದು ಕಣ್ಣಿಗೂ ಬೀಳದು. ಆದರೆ ಒಟ್ಟು ಸರಿಯಾಗಿ ಮೂವತ್ತು ಪೈಸೆಯೇ ಅಂತ ಕೇಳಿದರೆ ಪ್ರೋಗ್ರಾಂ 'ಅಲ್ಲ' ಅನ್ನುತ್ತದೆ. ಸಂಜೆ ಗಲ್ಲಾ ಲೆಕ್ಕ ತಾಳೆಯಾಗದೆ ಕೂತವರಿಗೆ ಆ 'ಅಲ್ಲ' ಎಂಬುದರ ಬಿಸಿ ಗೊತ್ತು. ಮದ್ದು ಎರಡಿವೆ. ದುಡ್ಡನ್ನು ಪೈಸೆಯಲ್ಲೇ ಪೂರ್ಣ ಸಂಖ್ಯೆಯಾಗಿ ಇಡುವುದು ಒಂದು. ಇಲ್ಲವೇ ಜಾವಾದಲ್ಲೇ ಇರುವ 'ಬಿಗ್‌ಡೆಸಿಮಲ್' ಬಳಸಿ, ಅದಕ್ಕೆ "0.10" ಎಂದು ಉದ್ಧರಣ ಚಿಹ್ನೆಯೊಳಗೇ ಕೊಡುವುದು ಇನ್ನೊಂದು.

ಇದನ್ನು ಬಾಯಿಪಾಠ ಮಾಡಿ ಕಲಿಯಲಾಗದು. ಕೂತು ಒಂದು ಬಿಲ್ಲಿನ ಪ್ರೋಗ್ರಾಂ ಮಾಡಿದವನಿಗಷ್ಟೇ ಇದು ಎದುರಾಗುತ್ತದೆ. ಬೆಂಗಳೂರಿನ ಕಂಪನಿಗಳಲ್ಲಿ ಜಾವಾ ಕೆಲಸ ಹೆಚ್ಚಾಗಿ ಸರ್ವರ್ ಕಡೆಯದು, ನಿಜ. ಆದರೆ ಲೆಕ್ಕ, ಫೈಲು, ತಪ್ಪು ಹುಡುಕುವ ತಾಳ್ಮೆ ಇವೆಲ್ಲ ಮನೆಯ ಹಳೆ ಡೆಸ್ಕ್‌ಟಾಪಿನಲ್ಲೇ ಬರುವಂಥವು.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಜಾವಾ ಪಾಠಗಳು ಪುಕ್ಕಟೆಯಾಗಿವೆ. ಮೊದಲು ಒಂದು ತಿಂಗಳು ಅದನ್ನು ನೋಡಲಿ. ಆಮೇಲೂ ಮೇಷ್ಟ್ರು ಬೇಕು ಅನ್ನಿಸಿದರೆ ಕ್ಲಾಸಿಗೆ ಹೋಗಿ, ಫೀಸಿನ ಮಾತಿಗೆ ಮುಂಚೆ ಹತ್ತು ಪೈಸೆ ಪ್ರಶ್ನೆ ಕೇಳಿ. ನಗುತ್ತಾ ಬಿಡಿಸಿ ಹೇಳಿದರೆ ಕಟ್ಟಿ. 'ಅದೆಲ್ಲ ಸರ್ಟಿಫಿಕೇಟಿಗೆ ಬರಲ್ಲ' ಅಂದರೆ ನಮಸ್ಕಾರ ಹೇಳಿ ಹೊರಡಿ.

ಅಂಗಡಿ ಯಜಮಾನರಿಗೆ ಒಂದು ಮಾತು. ಕಲಿಯುವ ಹುಡುಗ ಹುಡುಗಿಯರಿಗೆ ನಿಮ್ಮ ಹಳೆ ಬಿಲ್ ಬುಕ್ಕೊಂದನ್ನು ಕೊಡಿ. ಅದರಲ್ಲಿರುವುದು ನಿಜವಾದ ಲೆಕ್ಕ. ಅವರ ಪ್ರೋಗ್ರಾಂ ಅದಕ್ಕೆ ತಾಳೆಯಾದ ದಿನ ಅವರು ಜಾವಾ ಕಲಿತರು ಅಂತ ಲೆಕ್ಕ.