ಹಳೇ ಕಾರಿಗೆ ಹದಿನೆಂಟು ಸಾವಿರದ ವಾರಂಟಿ: ಕೊಡಬೇಕೋ, ಬೇಡವೋ?



ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಸಂಜೆ ಹಾಲು ಹಾಕಿ ಹೊರಬಂದ ಒಬ್ಬ ಅಕ್ಕ ಮಡಚಿದ ಕಾಗದವೊಂದನ್ನು ಕೈಗಿಟ್ಟರು. ಎಮ್ಮೆ ವಿಮೆಯ ಅರ್ಜಿ ಇರಬೇಕು ಅಂದುಕೊಂಡೆ. ಬಿಡಿಸಿ ನೋಡಿದರೆ ಕಾರಿನ ಕಾಗದ. ಮಗ ರಾಯಚೂರಿನಲ್ಲಿ ಎಂಟು ವರ್ಷದ ಹಳೇ ಡೀಸೆಲ್ ಕಾರು ನೋಡಿ ಬಂದಿದ್ದ. ಬೆಲೆ 4 ಲಕ್ಷ. ಮುಂಗಡ ಹೋಗುವುದು ಅಕ್ಕನ ಖಾತೆಯಿಂದ, ಹಾಲಿನ ಬಟವಾಡೆ ಜಮೆ ಆಗುವ ಅದೇ ಖಾತೆಯಿಂದ. ಮಾತು ಎಲ್ಲ ಮುಗಿದ ಮೇಲೆ ವ್ಯಾಪಾರಿ ಇನ್ನೊಂದು ಕಾಗದ ಮುಂದಿಟ್ಟಿದ್ದಾನೆ: ಮೇಲೆ 18,000 ರೂಪಾಯಿ ಕೊಟ್ಟರೆ ಒಂದು ವರ್ಷದ ಹೆಚ್ಚುವರಿ ವಾರಂಟಿ. “ಏನೇ ಕೆಟ್ಟರೂ ನಾವೇ ನೋಡ್ಕೋತೀವಿ ಅಮ್ಮಾ” ಎಂದು ಬೇರೆ ಹೇಳಿದ್ದಾನೆ.

“ಕೊಡ್ಲೇನ್ರಿ, ಬ್ಯಾಡೇನ್ರಿ?” ಎಂದು ಅಕ್ಕ ಕೇಳಿದರು.

ನಿಮ್ಮಲ್ಲಿ ಹಲವರ ಮನೆಯಲ್ಲೂ ಈ ಮಾತು ಬಂದಿರಬಹುದು, ಇಲ್ಲವೇ ನಾಳೆ ಬರಬಹುದು. ಗಾಡಿ ಗಂಡಸರ ವ್ಯವಹಾರ ಅಂತ ನೀವು ದೂರ ಕೂತರೂ ಸಹಿ ಮಾತ್ರ ನಿಮ್ಮದೇ ಆಗಿರುತ್ತದೆ. ಅದಕ್ಕೇ ಈ ಸಲ ಮೇವು, ಕೆಚ್ಚಲುಬಾವು ಬಿಟ್ಟು ಕಾರಿನ ಬಗ್ಗೆ ಬರೆಯುತ್ತಿದ್ದೇನೆ.

ವಾರಂಟಿಯೂ ವಿಮೆಯೂ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕಿವಿಗೆ ಓಲೆ ಹಾಕಿಸಿ ಆಕಳಿಗೆ ವಿಮೆ ಮಾಡಿಸಿದರೆ, ಅದು ಸತ್ತರೆ ಪರಿಹಾರ ಬರುತ್ತದೆ. ಹಾಲು ಕಡಿಮೆ ಆಯಿತು ಎಂದರೆ ಬರುವುದಿಲ್ಲ. ಕಾರಿನ ವಿಮೆಯೂ ಹಾಗೇ. ಗುದ್ದಿದರೆ, ಕಳುವಾದರೆ, ಬೆಂಕಿ ಬಿದ್ದರೆ ವಿಮೆ. ಯಾರೂ ಗುದ್ದದೆ, ನಿಂತಲ್ಲೇ ಒಳಗಿನ ಭಾಗ ತಾನಾಗಿ ಕೈಕೊಟ್ಟರೆ ಅದಕ್ಕೆ ವಾರಂಟಿ. “ಇದೂ ಇನ್ಶೂರೆನ್ಸ್ ಇದ್ದಂಗೇ” ಎಂದು ವ್ಯಾಪಾರಿ ಹೇಳಿದರೆ ನಂಬಬೇಡಿ.

ಇನ್ನು “ಏನೇ ಕೆಟ್ಟರೂ” ಎಂಬ ಮಾತು. ಆ ಅಕ್ಕನ ಕಾಗದ ಇಂಗ್ಲಿಷಿನಲ್ಲಿತ್ತು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಎಂಜಿನ್, ಗೇರ್‌ಬಾಕ್ಸ್ ಎಂದಿತ್ತು. ಹಿಂದಿನ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಯಾವುದಕ್ಕೆ ಕೊಡುವುದಿಲ್ಲ ಎಂಬ ಪಟ್ಟಿ. ಹಳೇ ಗಾಡಿಯ ವಾರಂಟಿಗಳಲ್ಲಿ ಸಾಮಾನ್ಯವಾಗಿ ಸವೆಯುವ ಭಾಗಗಳು ಸೇರುವುದಿಲ್ಲ: ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರು, ಬ್ಯಾಟರಿ, ಬೆಲ್ಟು, ಬುಷ್ಷು. ನಮ್ಮ ಕಡೆಯ ರಸ್ತೆಗೆ, ಎರೆ ಹೊಲದ ದಾರಿಗೆ ಮೊದಲು ಬಲಿಯಾಗುವುದು ಯಾವುದು? ಇವೇ. ಎಂಜಿನ್ ಹೋಗುವುದು ಅಪರೂಪ, ಹೋದರೆ ದೊಡ್ಡ ಖರ್ಚು. ವಾರಂಟಿ ಆ ಅಪರೂಪಕ್ಕೆ ಮಾತ್ರ. ದಿನನಿತ್ಯದ ರಿಪೇರಿ ನಿಮ್ಮ ಕೈಯಿಂದಲೇ.

ಎಂಜಿನ್ನಿಗಾದರೂ ಸುಲಭವಾಗಿ ಸಿಗುತ್ತದೆಯೇ? ರಾಯಚೂರಿನ ಬಿಸಿಲು ನಿಮಗೆ ಗೊತ್ತು. ಏಪ್ರಿಲ್‌ನಲ್ಲಿ ರೇಡಿಯೇಟರ್ ನೀರು ಇಳಿದು, ಮುಳ್ಳು ಕೆಂಪು ಗೆರೆ ಮುಟ್ಟಿದರೂ “ಮಾನ್ವಿ ತನಕ ಹೋಗಿಬಿಡೋಣ” ಎಂದು ಓಡಿಸಿದರೆ ಎಂಜಿನ್ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಆಗ ಕಂಪನಿಯವರು ಇದು ಭಾಗದ ದೋಷ ಅಲ್ಲ, ಓಡಿಸಿದವರ ನಿರ್ಲಕ್ಷ್ಯ ಎನ್ನುತ್ತಾರೆ. ಆಯಿಲ್ ಬದಲಿಸಿದ ಬಿಲ್ಲು ಇಲ್ಲದಿದ್ದರೂ ಅದೇ ಉತ್ತರ. ಇನ್ನೊಂದು ಕರಾರು ಇರುತ್ತದೆ: ಅವರಿಗೆ ತಿಳಿಸದೆ ಬೇರೆ ಮೆಕ್ಯಾನಿಕ್ ಗಾಡಿ ಬಿಚ್ಚಿದರೆ ವಾರಂಟಿ ರದ್ದು. ಗಾಡಿ ನಿಂತದ್ದು ಹೊಳೆ ದಂಡೆಯ ಊರಲ್ಲಿ, ವರ್ಕ್‌ಶಾಪ್ ಇರುವುದು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ. ಎಳೆದುಕೊಂಡು ಹೋಗುವ ಖರ್ಚು ಯಾರದು ಎಂಬುದನ್ನು ಆ ಸಣ್ಣ ಅಕ್ಷರದಲ್ಲೇ ಹುಡುಕಬೇಕು.

ಆದರೆ ಚೀಕಲಪರ್ವಿಯ ಅಕ್ಕನಿಗೆ ನಿಜವಾಗಿ ಅಡ್ಡ ಬಂದದ್ದು ಇದ್ಯಾವುದೂ ಅಲ್ಲ.

ಕಾರು ಯಾಕೆ ಬೇಕು ಎಂದು ಮಗನನ್ನು ಕೇಳಿದೆ. ಚೀಕಲಪರ್ವಿ ವಿಜಯದಾಸರು ಹುಟ್ಟಿದ ಊರು. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ, ಅದಲ್ಲದೆ ವರ್ಷವಿಡೀ ಭಕ್ತರು ಬರುತ್ತಿರುತ್ತಾರೆ. ಅವರನ್ನು ರಾಯಚೂರು ಸ್ಟೇಷನ್ನಿನಿಂದ, ಮಂತ್ರಾಲಯದಿಂದ ಕರೆತಂದು ಬಾಡಿಗೆ ದುಡಿಯಬೇಕೆಂಬುದು ಹುಡುಗನ ಲೆಕ್ಕ. ಬಿಡುವಿದ್ದಾಗ ಹಿಂಡಿ ಚೀಲ, ಹಾಲಿನ ಕ್ಯಾನು ಹೇರಲಿಕ್ಕೂ ಆಯಿತು. ಲೆಕ್ಕದಲ್ಲಿ ತಪ್ಪಿಲ್ಲ, ದುಡಿಯುವ ಹುಡುಗ. ಆದರೆ ಗಾಡಿ ಬಿಳಿ ಬೋರ್ಡಿನದು. ಬಿಳಿ ಬೋರ್ಡಿನ ಸ್ವಂತ ಕಾರಿನಲ್ಲಿ ಬಾಡಿಗೆ ಹೊಡೆಯುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ, ಅದಕ್ಕೆ ಹಳದಿ ಬೋರ್ಡೂ ಪರ್ಮಿಟ್ಟೂ ಬೇಕು. ವಾರಂಟಿ ಕಾಗದದಲ್ಲೂ, ಬಾಡಿಗೆಗೆ ಅಥವಾ ವಾಣಿಜ್ಯ ಬಳಕೆಗೆ ಓಡಿಸಿದರೆ ಯಾವ ಹಕ್ಕೂ ಇಲ್ಲ ಎಂದು ಬರೆದಿತ್ತು. ಅಂದರೆ ಮೊದಲ ಬಾಡಿಗೆ ಹೊಡೆದ ದಿನವೇ 18,000 ರೂಪಾಯಿಯ ಕಾಗದಕ್ಕೆ ಬೆಲೆ ಇಲ್ಲ. ಅಪಘಾತವಾದರೆ ವಿಮೆಯವರೂ ಇದೇ ತಕರಾರು ತೆಗೆಯುತ್ತಾರೆ, ಅದು ವಾರಂಟಿಗಿಂತ ದೊಡ್ಡ ಪೆಟ್ಟು.

ಹುಡುಗ ಸುಮ್ಮನೆ ನಿಂತ. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಈಗ ರೊಕ್ಕದ ಲೆಕ್ಕಕ್ಕೆ ಬನ್ನಿ. ಲೀಟರಿಗೆ 36 ರೂಪಾಯಿ ಎಂದು ಹಿಡಿಯಿರಿ. 18,000 ಎಂದರೆ 500 ಲೀಟರ್ ಹಾಲು. ದಿನಕ್ಕೆ 5 ಲೀಟರ್ ಹಾಕುವವರಿಗೆ ನೂರು ದಿನದ ಹಾಲು. ಹಿಂಡಿ, ಮೇವಿನ ಖರ್ಚು ಕಳೆದು ಕೈಯಲ್ಲಿ ಅರ್ಧ ಉಳಿಯುತ್ತದೆ ಎಂದುಕೊಂಡರೆ ಇನ್ನೂರು ದಿನದ ದುಡಿಮೆ. ಸಾಲದಲ್ಲಿ ಗಾಡಿ ಕೊಳ್ಳುವವರಿಗೆ ಇನ್ನೊಂದು ಒಳಸುಳಿ ಇದೆ. “ಕೈಯಿಂದ ಕೊಡಬ್ಯಾಡ್ರಿ, ಲೋನಿಗೇ ಸೇರಿಸ್ತೀವಿ” ಎನ್ನುತ್ತಾರೆ. ಶೇ 14ರ ಬಡ್ಡಿಗೆ ಮೂರು ವರ್ಷದ ಕಂತು ಮಾಡಿದರೆ ಅದೇ 18,000ಕ್ಕೆ ನೀವು ಕಟ್ಟುವುದು ಸುಮಾರು 22,150. ವಾರಂಟಿ ಒಂದೇ ವರ್ಷಕ್ಕೆ ಮುಗಿಯುತ್ತದೆ, ಕಂತು ಇನ್ನೂ ಎರಡು ವರ್ಷ ಓಡುತ್ತದೆ.

ಹಾಗಂತ ವಾರಂಟಿ ಎಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಬೆಲೆಯಲ್ಲೇ ಸೇರಿ ಬರುವ ವಾರಂಟಿ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮಾರುತಿಯ ಟ್ರೂ ವ್ಯಾಲ್ಯೂ ಅಂಗಡಿಗಳಲ್ಲಿ ತಪಾಸಣೆ ಮಾಡಿ ಆಯ್ದ ಗಾಡಿಗಳಿಗೆ ಒಂದು ವರ್ಷದವರೆಗೆ ವಾರಂಟಿ, ಮೂರು ಉಚಿತ ಸರ್ವಿಸ್ ಕೊಡುತ್ತಾರೆ. ಅಂಥಲ್ಲಿ ಬೆಲೆ ಸ್ವಲ್ಪ ಹೆಚ್ಚಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಾಡಿ ಹೊಸದರ ಹತ್ತಿರ ಇದ್ದರೆ ತಯಾರಿಸಿದ ಕಂಪನಿಯ ವಾರಂಟಿಯೇ ಉಳಿದಿರಬಹುದು. 2024ರ ಜುಲೈನಿಂದ ಮಾರುತಿ ತನ್ನ ಹೊಸ ಗಾಡಿಗಳಿಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತಿದೆ. ಮೊದಲ ಯಜಮಾನ ಹೆಚ್ಚುವರಿ ವಾರಂಟಿ ಕಟ್ಟಿದ್ದರೆ ಅದು ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಕಂಪನಿ ಶೋರೂಮಿನಲ್ಲೇ ಕೇಳಿ, ಮಾರುವವನನ್ನಲ್ಲ. ನಾಲ್ಕೈದು ವರ್ಷದೊಳಗಿನ, ಸರ್ವಿಸ್ ದಾಖಲೆ ಪೂರ್ತಿ ಇರುವ, ಮನೆ ಬಳಕೆಗೆ ಮಾತ್ರ ಓಡುವ ಕಾರಿಗೆ, ಅದರಲ್ಲೂ ಆಟೊಮ್ಯಾಟಿಕ್ ಗೇರಿನ ಗಾಡಿಗೆ, ದುಡ್ಡು ಕೊಟ್ಟು ವಾರಂಟಿ ಕೊಂಡರೂ ನಾನು ತಪ್ಪು ಎನ್ನುವುದಿಲ್ಲ. ಆ ಗೇರ್‌ಬಾಕ್ಸ್ ಕೆಟ್ಟರೆ ಮಾನ್ವಿಯಲ್ಲಿ ರಿಪೇರಿ ಆಗುವ ಮಾತಲ್ಲ.

ಎಂಟು ವರ್ಷದ ಡೀಸೆಲ್ ಕಾರು ಬೇರೆ ಕಥೆ. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು, ಆದ್ದರಿಂದ ಸಂತೆಯಲ್ಲಿರುವ ಅದರ ಡೀಸೆಲ್ ಸ್ವಿಫ್ಟು, ಡಿಜೈರು ಎಲ್ಲ ಸಾಕಷ್ಟು ಓಡಿದವೇ. ಡೀಸೆಲ್ಲಿನಲ್ಲಿ ದೊಡ್ಡ ಖರ್ಚು ಟರ್ಬೊ, ಇಂಜೆಕ್ಟರ್, ಡೀಸೆಲ್ ಪಂಪು. ಈ ಮೂರು ಹೆಸರು ವಾರಂಟಿ ಕಾಗದದಲ್ಲಿ ಬರೆದಿವೆಯೇ, ಒಟ್ಟು ಎಷ್ಟು ರೂಪಾಯಿವರೆಗೆ ಕೊಡುತ್ತಾರೆ, ಕೊಂಡ ದಿನದಿಂದಲೇ ಜಾರಿಯೋ ಅಥವಾ ಮೊದಲ ಕೆಲವು ದಿನ ಬಿಟ್ಟೋ ಎಂದು ಓದಿಸಿ ಕೇಳಿ. ಅಕ್ಕನ ಕಾಗದದಲ್ಲಿ ಮೂರರಲ್ಲಿ ಒಂದೂ ಇರಲಿಲ್ಲ.

ಎಮ್ಮೆ ಕೊಳ್ಳುವಾಗ ನೀವು ಮಾರುವವನ ಬಾಯಿಮಾತು ನಂಬುತ್ತೀರಾ? ಹಲ್ಲು ನೋಡುತ್ತೀರಿ, ಎಷ್ಟನೇ ಸೂಲು ಎಂದು ಕೇಳುತ್ತೀರಿ, ಎರಡು ಹೊತ್ತು ನಿಂತು ನೀವೇ ಹಿಂಡಿ ನೋಡುತ್ತೀರಿ. ಕಾರಿಗೂ ಅಷ್ಟೇ ಮಾಡಿ. ಗೊತ್ತಿರುವ ಮೆಕ್ಯಾನಿಕ್ಕಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ತಣ್ಣಗಿರುವಾಗಲೇ ಗಾಡಿ ಚಾಲೂ ಮಾಡಿಸಿ. ನೀವು ಹೋಗುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಿ. ಮೀಟರಿನಲ್ಲಿ 60 ಸಾವಿರ ಎಂದಿದ್ದು, ಪೆಡಲ್ ರಬ್ಬರು ಸವೆದು ನುಣ್ಣಗಾಗಿದ್ದರೆ ಸರ್ವಿಸ್ ದಾಖಲೆ ತೆಗೆಸಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಕೆಸರು ಇದೆಯೇ ನೋಡಿ. 2009ರ ನೆರೆ ಕಂಡವರು ನೀವು, ನೀರು ಹೊಕ್ಕ ಸಾಮಾನು ಹೇಗಿರುತ್ತದೆ ಎಂದು ಹೇಳಿಕೊಡಬೇಕಿಲ್ಲ. ಹೈದರಾಬಾದಿನಿಂದ ತಂದ ಗಾಡಿಯಾದರೆ ಇನ್ನೂ ಎಚ್ಚರ: 2020ರ ಅಕ್ಟೋಬರ್ ಮಳೆಯಲ್ಲಿ ಅಲ್ಲಿ ಬಡಾವಣೆ ಬಡಾವಣೆಗಳೇ ಮುಳುಗಿದ್ದವು. ನೀರಲ್ಲಿ ನಿಂತು ಕೆಟ್ಟದ್ದಕ್ಕೆ ವಾರಂಟಿ ಸಾಮಾನ್ಯವಾಗಿ ಬರುವುದಿಲ್ಲ. ಹೊರರಾಜ್ಯದ ಗಾಡಿಗೆ ಅಲ್ಲಿಯ ಆರ್‌ಟಿಒ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ರಸ್ತೆ ತೆರಿಗೆ ಬೇರೆ ಕಟ್ಟಬೇಕು. ಅಗ್ಗ ಎಂದು ತಂದದ್ದು ಅಲ್ಲೇ ದುಬಾರಿಯಾಗುತ್ತದೆ.

ವಾರಂಟಿ ಕೊಂಡ ಮೇಲೂ ಕೈ ಎತ್ತಿದರೆ? ಬಿಲ್ಲು, ವಾರಂಟಿ ಕಾಗದ, ನೀವು ದೂರು ಕೊಟ್ಟ ಮೆಸೇಜು ಜೋಪಾನವಾಗಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು, ಗಾಡಿ ಹೈದರಾಬಾದಿನಲ್ಲಿ ಕೊಂಡಿದ್ದರೂ ಸರಿ. ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಬಾಯಲ್ಲಿ ಹೇಳಿದ “ಏನೇ ಕೆಟ್ಟರೂ” ಎಂಬುದು ಅಲ್ಲಿ ನಿಲ್ಲುವುದು ಕಷ್ಟ, ಅದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲೇ ನಿಮಗೆ ಉತ್ತರ ಸಿಕ್ಕಿತು.

ಅಕ್ಕ ಏನು ಮಾಡಿದರು ಎಂದು ಕೇಳುತ್ತೀರಿ. ಮಾನ್ವಿಯ ಮೆಕ್ಯಾನಿಕ್‌ನನ್ನು ಕರೆದುಕೊಂಡು ತಾವೇ ರಾಯಚೂರಿಗೆ ಹೋದರು. ಎಂಜಿನ್ ಗಟ್ಟಿ ಇದೆ, ಕ್ಲಚ್ಚು ಮುಗಿಯುತ್ತಾ ಬಂದಿದೆ, ಮುಂದಿನ ಸಸ್ಪೆನ್ಷನ್ ಕೆಲಸ ಇದೆ, ಎರಡೂ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಎಂದು ಆತ ಹೇಳಿದ. ಎರಡೂ ವಾರಂಟಿಗೆ ಬಾರದವು. ಅಕ್ಕ ವಾರಂಟಿ ಬೇಡ ಎಂದರು, ಆ ಇಪ್ಪತ್ತು ಸಾವಿರ ಬೆಲೆಯಲ್ಲಿ ಇಳಿಸಿ ಎಂದು ಹಟ ಹಿಡಿದು ಕೂತರು. ಹದಿನೈದಕ್ಕೆ ಒಪ್ಪಂದವಾಯಿತು. ಉಳಿದ 18,000ವನ್ನು ಸ್ವಸಹಾಯ ಸಂಘದಲ್ಲಿ ಗಾಡಿ ಖರ್ಚಿಗೆಂದೇ ಬೇರೆ ಇಟ್ಟಿದ್ದಾರೆ. ಬಾಡಿಗೆ ವಿಚಾರ ಇನ್ನೂ ಮನೆಯಲ್ಲಿ ಚರ್ಚೆಯಲ್ಲಿದೆ, ಹಳದಿ ಬೋರ್ಡಿನ ಖರ್ಚು ಎಷ್ಟಾಗುತ್ತದೆ ಎಂದು ಮಗ ವಿಚಾರಿಸುತ್ತಿದ್ದಾನೆ. ಆರ್‌ಸಿ ಇನ್ನೂ ಅವರ ಹೆಸರಿಗೆ ಬಂದಿಲ್ಲ. ಫಾರಂ 29, 30ಕ್ಕೆ ಸಹಿ ಆಗಿದೆ. ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು ಎಂದು ಹೇಳಿ ಬಂದಿದ್ದೇನೆ.